ಜನವರಿಯ ಸ್ವಾತಂತ್ರ್ಯ ದಿನ

ಶಿರಸಿಯ ದೇವಿಕೆರೆಯ ಹತ್ತಿರ ತನುಜಾಳ ಬ್ಯಾನರ್ ಅಂಗಡಿ ಇದೆ. ಅಲ್ಲಿಂದ ತಪ್ಪು ಕನ್ನಡ ಹೊರಗೆ ಹೋಗುವುದಿಲ್ಲ ಎಂಬ ಮಾತು ಪೇಟೆಯಲ್ಲೆಲ್ಲ ಉಂಟು. ಸಿದ್ದಾಪುರ ತಾಲ್ಲೂಕಿನ ರೈತರ ಮನೆಯ ಹುಡುಗಿ. ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಆರು ವರ್ಷ ಬೇರೆಯವರ ಕೈಕೆಳಗೆ ದುಡಿದು ಸ್ವಂತ ಅಂಗಡಿ ಹಾಕಿದವಳು. ಪ್ರತಿ ಆಗಸ್ಟಿನಲ್ಲಿ ಎಷ್ಟನೇ ಸ್ವಾತಂತ್ರ್ಯ ದಿನ ಎಂಬ ಜಗಳ ಅವಳ ಮೇಜಿನ ಮುಂದೆಯೇ ಬಗೆಹರಿಯುತ್ತಿತ್ತು. ನಲವತ್ತೇಳನೇ ಇಸವಿಯದೇ ಮೊದಲನೆಯದು, ಅಲ್ಲಿಂದ ಎಣಿಸಿ ಎಂದು ಕ್ಯಾಲೆಂಡರ್ ಹಿಡಿದು ತೋರಿಸುವಳು. ಬನವಾಸಿ ಕಡೆಯ ಅಂದಾನಪ್ಪ ಎಂಬ ಗುತ್ತಿಗೆದಾರರು ಒಮ್ಮೆ, "ನಾ ಹೇಳಿದ್ದು ಹಾಕ್ರಿ, ಯಾರು ಎಣಸ್ತಾರ?" ಎಂದಿದ್ದರು. "ನಾನು ಎಣಿಸ್ತೇನೆ" ಎಂದು ತನುಜಾ ಸರಿಯಾದ ಸಂಖ್ಯೆಯನ್ನೇ ಹಾಕಿ ಕಳಿಸಿದ್ದಳು. ಮರುವರ್ಷವೂ ಅಂದಾನಪ್ಪ ಅವಳ ಹತ್ತಿರವೇ ಬಂದರು.

ಹೋದ ಜನವರಿಯಲ್ಲಿ ಕಾನಸೂರಿನ ಶ್ರೀವಾಣಿ ಎಂಬಾಕೆ ಒಂದು ಚೀಟಿಯ ಫೋಟೋ ಕಳಿಸಿದಳು. ಮೂರು ಸಾಲು, ನಡುಗುವ ಕೈಯ ಬರಹ: "ಜನವರಿ ೨೬. ಸ್ವಾತಂತ್ರ್ಯ ದಿನ. ವಾಚನಾಲಯದ ಅಂಗಳದಲ್ಲಿ ಬೆಳಿಗ್ಗೆ ಏಳಕ್ಕೆ." ಬಟ್ಟೆಯ ಮೇಲೆ ಬೇಕು, ನಮ್ಮ ಅಜ್ಜ ಮಾಡಿಸುತ್ತಿದ್ದಾರೆ ಎಂದು ಕೆಳಗೆ ಸೇರಿಸಿದ್ದಳು. ತನುಜಾಳಿಗೆ ಸಣ್ಣ ನಗು ಬಂತು. ಆಗಸ್ಟ್ ಹದಿನೈದಕ್ಕೂ ಜನವರಿ ಇಪ್ಪತ್ತಾರಕ್ಕೂ ವ್ಯತ್ಯಾಸ ತಿಳಿಯದ ಗಿರಾಕಿಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು. ಫೋನು ಮಾಡಿ ಕೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. "ಗಣರಾಜ್ಯೋತ್ಸವ" ಎಂದು ತಿದ್ದಿ, ಮುದ್ರಿಸಿ, ಸುತ್ತಿ ಬಸ್ಸಿಗೆ ಕೊಟ್ಟು ಕಳಿಸಿದಳು. ಮೂಲೆಯಲ್ಲಿ ಎಂದಿನಂತೆ ಅಂಗಡಿಯ ಹೆಸರು.

ಇಪ್ಪತ್ತೈದನೇ ತಾರೀಕು ಮಧ್ಯಾಹ್ನ ಅಂಗಡಿಯ ಮುಂದೆ ಕಾರು ನಿಂತಿತು. ಶ್ರೀವಾಣಿ ಇಳಿದು, ಹಿಂದಿನ ಸೀಟಿನಿಂದ ಒಬ್ಬ ಮುದುಕರನ್ನು ಕೈಹಿಡಿದು ಇಳಿಸಿದಳು. ರಘುಪತಿ ಹೆಗಡೆ, ತೊಂಬತ್ತೆರಡು ವರ್ಷ. ಶ್ರೀವಾಣಿ ಬ್ಯಾನರನ್ನು ಮೇಜಿನ ಮೇಲೆ ಬಿಚ್ಚಿದಳು. ಹೆಗಡೆಯವರು ಅದರ ಮೇಲೆ ಬೆರಳಿಟ್ಟು ಮೊಮ್ಮಗಳಿಗೆ ಮನೆಮಾತಿನಲ್ಲಿ, "ಆನು ಬರದ್ದು ಇದಲ್ಲ", ನಾನು ಬರೆದದ್ದು ಇದಲ್ಲ, ಎಂದರು. ಆಮೇಲೆ ತನುಜಾಳ ಕಡೆ ತಿರುಗಿದರು. "ಇದನ್ನ ತಿದ್ದಿದ್ದು ಯಾರು ತಂಗೀ?"

"ನಾನೇ ಹೆಗ್ಡೇರೆ. ಜನವರಿದು ಗಣರಾಜ್ಯೋತ್ಸವ ಅಲ್ವಾ?"

"ಹೌದು. ಐವತ್ತನೇ ಇಸವಿಯಿಂದ. ಅದಕ್ಕೂ ಮುಂಚೆ ಅದು ಎಂತ ದಿನ ಆಗಿತ್ತು, ಹೇಳು ನೋಡ್ವ."

ತನುಜಾ ಕುರ್ಚಿ ಸರಿಸಿ ಅವರನ್ನು ಕೂರಿಸಿದಳು.

ಹೆಗಡೆಯವರು ನಿಧಾನವಾಗಿ ಹೇಳಿದರು. "ಮೂವತ್ತನೇ ಇಸವಿಯಿಂದ ವರ್ಷ ವರ್ಷ ಆ ದಿನವನ್ನೇ ಸ್ವಾತಂತ್ರ್ಯ ದಿನ ಅಂತ ಮಾಡ್ತಿದ್ರು. ಪೂರ್ಣ ಸ್ವರಾಜ್ಯವೇ ಬೇಕು ಅಂತ ಪ್ರತಿಜ್ಞೆ ಓದೋದು. ಸ್ವಾತಂತ್ರ್ಯ ಬಂದಿರ್ಲಿಲ್ಲ, ದಿನ ಮಾತ್ರ ಇತ್ತು. ಆಗಸ್ಟ್ ಹದಿನೈದು ಬ್ರಿಟಿಷರು ಗೊತ್ತು ಮಾಡಿ ಕೊಟ್ಟಿದ್ದು. ಇದು ನಾವೇ ಗೊತ್ತು ಮಾಡ್ಕೊಂಡಿದ್ದು. ಸಂವಿಧಾನ ಜಾರಿಗೆ ತರೋಕೆ ಇದೇ ದಿನ ಆರಿಸಿದ್ದೂ ಅದಕ್ಕೇ."

"ಇದು ನಂಗೆ ಗೊತ್ತಿರ್ಲಿಲ್ಲ" ಎಂದಳು ತನುಜಾ.

"ನಲವತ್ತಮೂರರಲ್ಲಿ ನಂಗೆ ಹತ್ತು ವರ್ಷ. ನಮ್ಮ ಗದ್ದೆ ಬದಿಯಲ್ಲಿ ಐದು ಜನ ಸೇರಿ ಬಿದಿರಿನ ಗಳಕ್ಕೆ ಬಾವುಟ ಕಟ್ಟಿದ್ರು. ಪೊಲೀಸರು ಬಂದ್ರು. ಅಪ್ಪನ್ನ ಹಿಡಿದ್ರು, ಮೂವರು ಓಡಿದ್ರು. ನಮ್ಮ ಗದ್ದೆ ಗೇಣಿಗೆ ಮಾಡ್ತಿದ್ದ ಕೆರಿಯಪ್ಪ ಮಾತ್ರ ಗಳ ಬಿಡಲಿಲ್ಲ. ಇವತ್ತು ಎಂತ ದಿನ ಅಂತ ಪೊಲೀಸ ಕೇಳಿದ. ಸ್ವಾತಂತ್ರ್ಯ ದಿನ ಸ್ವಾಮಿ ಅಂದ ಕೆರಿಯಪ್ಪ. ಹೊಡೆದು ಮತ್ತೆ ಕೇಳಿದ. ಅದೇ ಉತ್ತರ. ಮೂರನೇ ಸಲಕ್ಕೆ ಎಡಗೈ ಮುರೀತು. ಅಪ್ಪ ಜೈಲಿಗೆ ಹೋಗಿದ್ದಕ್ಕೆ ಮುಂದೆ ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿಯಲ್ಲಿ ಅವನ ಹೆಸರು ಬಂತು. ಕೆರಿಯಪ್ಪನ್ನ ಹೊಡೆದು ಬಿಟ್ಟುಬಿಟ್ಟಿದ್ರು, ಜೈಲಿಗೆ ಒಯ್ಲಿಲ್ಲ. ಹಂಗಾಗಿ ಅವನ ಹೆಸರು ಎಲ್ಲೂ ಇಲ್ಲ. ಈಗ ಆ ದಿನದ ಹೆಸರೂ ಹೋದ್ರೆ, ಅವ ಎಂತಕ್ಕೆ ಹೊಡೆತ ತಿಂದ ಅಂತ ಯಾರಿಗೆ ಹೇಳೂದು?"

ತನುಜಾ ಬ್ಯಾನರನ್ನು ಮಡಚಿ ಪಕ್ಕಕ್ಕಿಟ್ಟಳು. ಕೇಳದೆ ತಿದ್ದಿದ್ದು ತಪ್ಪು ಎಂದು ನೇರವಾಗಿ ಒಪ್ಪಿಕೊಂಡಳು. ಕಂಪ್ಯೂಟರಿನ ಮುಂದೆ ಕೂತು ಹೆಗಡೆಯವರ ಮೂರೂ ಸಾಲುಗಳನ್ನು ಇದ್ದ ಹಾಗೆಯೇ ಬರೆದಳು. ಬೆರಳು ಅಲ್ಲಿಗೇ ನಿಂತಿತು.

"ಹೆಗ್ಡೇರೆ, ಒಂದು ಮಾತು. ಇಷ್ಟೇ ಹಾಕಿದ್ರೆ ಓದಿದವರು ತಪ್ಪು ಅಂತ ನಕ್ಕು ಮುಂದೆ ಹೋಗ್ತಾರೆ. ನಾನೂ ನಕ್ಕಿದ್ದೆ. ಕೆರಿಯಪ್ಪನವರ ಹೆಸರು ಹಾಕುವ."

ಹೆಗಡೆಯವರು ಅವಳನ್ನೇ ನೋಡಿದರು. "ನಂಗೆ ಹೊಳೀಲೇ ಇಲ್ಲ ನೋಡು" ಎಂದರು. "ಇಷ್ಟು ವರ್ಷದಲ್ಲಿ ಒಂದು ಸಲವೂ ಹೊಳೀಲಿಲ್ಲ."

ಆಮೇಲೆ ಇಬ್ಬರೂ ಪದ ಪದ ಕೂಡಿಸಿದರು. "ಇದೇ ದಿನ, ೧೯೪೩ರಲ್ಲಿ, ಈ ಊರಿನ ಕೆರಿಯಪ್ಪ ಇದನ್ನು ಸ್ವಾತಂತ್ರ್ಯ ದಿನ ಎಂದು ಕರೆದು ಕೈ ಮುರಿಸಿಕೊಂಡರು." ಹೆಗಡೆಯವರು 'ಕೊಂಡ' ಎಂದು ಹೇಳಿದ್ದನ್ನು ತನುಜಾ 'ಕೊಂಡರು' ಎಂದು ಬರೆದಿದ್ದಳು. ಈ ಸಲ ಪರದೆ ತಿರುಗಿಸಿ, ಆಗಬಹುದಾ ಎಂದು ಕೇಳಿದಳು. "ಅದೇ ಸರಿ" ಎಂದರು ಅವರು.

ಮರುದಿನ ಬೆಳಿಗ್ಗೆ ತನುಜಾ ಸ್ಕೂಟರಿನಲ್ಲಿ ಕಾನಸೂರಿಗೆ ಹೋಗಿ ತಾನೇ ಬ್ಯಾನರ್ ಕಟ್ಟಿದಳು. ನಲವತ್ತು ಜನ ಸೇರಿದ್ದರು. ಕಿಶೋರ ಎಂಬ ನಿವೃತ್ತ ಮಾಸ್ತರರು ಮೊದಲ ಎರಡು ಸಾಲು ಓದಿಯೇ, "ಇದು ಯಾವ ಅಂಗಡಿಯವರ ಕೆಲಸ? ಇವತ್ತು ಗಣರಾಜ್ಯೋತ್ಸವ ಅಲ್ಲವೋ?" ಎಂದರು.

"ನಂದೇ ಅಂಗಡಿ ಮಾಸ್ತರೆ" ಎಂದಳು ತನುಜಾ. "ಗಣರಾಜ್ಯೋತ್ಸವವೂ ಹೌದು. ಪೂರ್ತಿ ಓದಿ."

ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಕೊನೆಯವರೆಗೆ ಓದಿದರು. ಮತ್ತೊಮ್ಮೆ, ಈ ಸಲ ಎಲ್ಲರಿಗೂ ಕೇಳುವಂತೆ ದನಿಯೆತ್ತಿ ಓದಿದರು. ಹೆಗಡೆಯವರು ನಿಂತೇ ಗದ್ದೆ ಬದಿಯ ಕಥೆ ಹೇಳಿದರು. ಕೂರಿಸಲು ಶ್ರೀವಾಣಿ ಎರಡು ಸಲ ನೋಡಿದಳು, ಆಗಲಿಲ್ಲ. ಬಾವುಟ ಏರಿತು.

ಅವಲಕ್ಕಿ ತಿಂದು ಜನ ಚದುರುವಾಗ ಒಬ್ಬ ಹೆಂಗಸು ಬ್ಯಾನರಿನ ಮುಂದೆ ನಿಂತೇ ಇದ್ದಳು. ಕೆರಿಯಪ್ಪನ ಮೊಮ್ಮಗಳು ಮಂಜಿ, ಅರವತ್ತರ ಆಸುಪಾಸು. ಅಜ್ಜನ ಸೊಟ್ಟ ಕೈ ಅವಳಿಗೆ ನೆನಪಿತ್ತು. ಮರದಿಂದ ಬಿದ್ದು ಹಾಗಾಯಿತು ಎಂದೇ ಅಜ್ಜ ಮನೆಯವರಿಗೆ ಹೇಳಿಕೊಂಡು ಬಂದಿದ್ದ.

"ಇದನ್ನ ಆಮೇಲೆ ಎಂತ ಮಾಡ್ತ್ರಿ?" ಎಂದು ಅವಳು ತನುಜಾಳನ್ನು ಕೇಳಿದಳು.

ತನುಜಾ ಹೆಗಡೆಯವರ ಕಡೆ ನೋಡಿದಳು. ಅವಳಿಗೇ ಕೊಡು ಎಂಬಂತೆ ಅವರು ತಲೆಯಾಡಿಸಿದರು. ತನುಜಾ ಸ್ಟೂಲು ಹತ್ತಿ ನಾಲ್ಕೂ ಮೂಲೆಯ ದಾರ ಬಿಚ್ಚಿದಳು. ಕೆಳಗೆ ಮಂಜಿ ಎರಡೂ ಕೈ ಚಾಚಿ ಬಟ್ಟೆ ನೆಲಕ್ಕೆ ತಾಗದಂತೆ ಹಿಡಿದುಕೊಂಡಳು.