ಗಲ್ಲದ ಕೆಳಗಿನ ಕೈ

ಅವತ್ತು ಬೆಳಿಗ್ಗೆಯೂ ಹಾಲು ಉಕ್ಕುವ ಮೊದಲೇ ಒಲೆ ಆರಿಸಿದೆ. ರಾಗಿ ಗಂಜಿ ತಣ್ಣಗೆ ಮಾಡಿ ನಮ್ಮ ಯಜಮಾನರಿಗೆ ಚಮಚದಲ್ಲಿ ಕುಡಿಸಿದೆ. ತುಟಿಯ ಬಲತುದಿಯಿಂದ ಇಳಿದದ್ದನ್ನು ಟವೆಲ್ಲಿನಲ್ಲಿ ಒರೆಸಿದೆ. ನಿಟ್ಟೂರಿನಿಂದ ಬಂದು ಜೊತೆಗಿದ್ದ ಅತ್ತೆ ಇವರ ಹಣೆಗೆ ವಿಭೂತಿ ಇಟ್ಟರು. ನನಗೆ ದುಃಖವೂ ಇರಲಿಲ್ಲ, ಗಾಬರಿಯೂ ಇರಲಿಲ್ಲ. ಟವೆಲ್ ಒಗೆಯಬೇಕು ಅಂತ ಮಾತ್ರ ಅನ್ನಿಸಿತು.

ಸ್ಟ್ರೋಕ್ ಆದ ಮೇಲೆ ಇವರಿಗೆ ಮಾತು ನಿಂತುಹೋಗಿತ್ತು. ಮಾತು ಕಲಿಸುವ ಡಾಕ್ಟರಮ್ಮ, "ಅವ್ರು ದಿನಾ ಆಡ್ತಿದ್ದ ಮಾತು ಯಾವ್ದಾದ್ರೂ ಹೇಳ್ಸಿ ನೋಡಿ. ಒಳಗೆ ಉಳ್ದಿದ್ರೆ ಬರತ್ತೆ" ಅಂದಿದ್ದರು. ಉಳಿದಿದೆಯೋ ಇಲ್ಲವೋ, ಅದೇ ಯಾರಿಗೂ ಗೊತ್ತಿರಲಿಲ್ಲ.

ಇವರು ದಿನಾ ನನಗೆ ಅನ್ನುತ್ತಿದ್ದ ಮಾತು ಇಂಗ್ಲಿಷಿನದು. ಶಿರಾ ಗೇಟಿನ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಊಟಕ್ಕೆ ಬಂದಾಗ, ನಾನು ಹಾಲಿನ ಕವರನ್ನೂ ತೊಳೆದು ಒಣಹಾಕಿರುವುದು ನೋಡಿ, "ಕಾನ್ವೆಂಟ್ ಹುಡ್ಗಿ ಅಂತ ಕಟ್ಕೊಂಡ್ರೆ, ಎಷ್ಟು ಓಲ್ಡು-ಫ್ಯಾಷನ್‌ಡು ಕಣೇ ನೀನು!" ಅನ್ನೋರು. ಓಲ್-ಡು-ಫ್ಯಾ-ಷನ್-ಡು. ಐದು ತುಂಡು. ಊರಿನ ಸ್ಕೂಲಲ್ಲಿ ಕಲಿತ ಇಂಗ್ಲಿಷು, ಪ್ರತಿ ಪದದ ಬಾಲಕ್ಕೂ ಒಂದು ಉಕಾರ. ನಾನು ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹಾಗೆ ಗಲ್ಲದ ಕೆಳಗೆ ಅಂಗೈ ಹಿಡಿದು ತೋರಿಸುತ್ತಿದ್ದೆ. ದವಡೆ ಎಷ್ಟು ಸಲ ಕೈಗೆ ತಾಕುತ್ತದೋ ಅಷ್ಟೇ ತುಂಡು.

"ಓಲ್ಡ್. ಫ್ಯಾ. ಷನ್ಡ್. ಮೂರೇ ರೀ."

"ನಿಮ್ ಸಿಸ್ಟರ್‌ಗೆ ಮೂರು, ನಂಗೆ ಐದು. ಸಾರು ಬಡ್ಸು."

ಅವತ್ತು ಸಂಜೆ ಜಗಲಿಯಲ್ಲಿ ಕೂತು ಒಂದು ಕೈ ನನ್ನ ಗಲ್ಲಕ್ಕೆ, ಇನ್ನೊಂದು ಇವರ ಗಲ್ಲಕ್ಕೆ ಇಟ್ಟೆ. ಒಳಗಿಂದ ಅತ್ತೆ, "ದೀಪ ಹಚ್ಚೋ ಹೊತ್ನಲ್ಲಿ ಗಲ್ಲಕ್ಕೆ ಕೈ ಕೊಟ್ಟು ಕೂರ್ಬ್ಯಾಡ ಕಣಮ್ಮ, ಮನೆಗೆ ಒಳ್ಳೇದಲ್ಲ" ಅಂದರು. ಕೈ ತೆಗೆಯಲಿಲ್ಲ. ಇವರ ಆ ಮಾತನ್ನೇ ನಿಧಾನವಾಗಿ ಹೇಳಿದೆ, ಮೂರು ತುಂಡು ಮಾಡಿ. ಇವರು ನನ್ನ ಬಾಯನ್ನೇ ನೋಡಿದರು. ಸದ್ದು ಬರಲಿಲ್ಲ. ಆಮೇಲೆ ದವಡೆ ನನ್ನ ಅಂಗೈ ಮೇಲೆ ಇಳಿಯಿತು. ಮತ್ತೆ ಇಳಿಯಿತು. ಮೂರಕ್ಕೆ ನಿಲ್ಲಲಿಲ್ಲ. ನಾಲ್ಕು. ಸ್ವಲ್ಪ ತಡೆದು, ಐದು.

ಕುರುಚಲು ಗಡ್ಡ ಅಂಗೈಗೆ ಚುಚ್ಚುತ್ತಿತ್ತು. ಕೈ ಅಲ್ಲೇ ಇತ್ತು.

ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ತೆಗೆಯುತ್ತಾ ಕಾಂಪೌಂಡಿನಾಚೆಯಿಂದ ಕೂಗಿದರು: "ಏನ್ರಕ್ಕಾ, ಗಂಡ ಹೆಂಡ್ತಿ ಇಬ್ರೂ ಗಲ್ಲ ಹಿಡ್ಕೊಂಡು ಕೂತಿದೀರಾ? ನಿಮ್ಮನೇಲೂ ಕರೆಂಟ್ ಹೋಯ್ತಾ?"