ಗೆಸ್ಟ್ ಅಂದವಳು ನಾನೇ

ಸುಜಾತ, ಆ ಸುಳ್ಳು ಹೇಳಿದವಳು ನಾನು. ಮಕ್ಕಳ ರಕ್ಷಣೆಯ ಕಚೇರಿಯವರು ನಿನ್ನ ಸಂಸಾರದ ಬಗ್ಗೆ ಬರೆದ ವರದಿಯಲ್ಲಿ ‘ಮಗುವಿಗೆ ನೆಲೆಯಾದ ಮನೆಯಿಲ್ಲ’ ಎಂಬ ಮಾತು ಎಲ್ಲಿಂದ ಬಂತೆಂದು ಆರು ವರ್ಷದಿಂದ ಕೇಳುತ್ತಿದ್ದೀಯಲ್ಲ — ಅದು ನನ್ನ ಬಾಯಿಂದಲೇ ಹೋದದ್ದು.

ಇಂಟರ್‌ನ್ಯಾಷನಲ್ ಸಿಟಿಯ ಆ ಫ್ಲ್ಯಾಟಿನ ಕರಾರಿನಲ್ಲಿ ಇದ್ದದ್ದು ನಮ್ಮವರ ಹೆಸರೊಂದೇ. ಬಾಡಿಗೆ ಹಂಚಿಕೊಂಡು ಒಳಕೋಣೆಯಲ್ಲಿ ನೀನು ಮತ್ತು ಮಗಳು ಆರಾಧ್ಯ. ನಿನ್ನ ಗಂಡ ದೂರದ ರುವೈಸ್ ಊರಿನ ಕೆಲಸದಿಂದ ಎರಡು ವಾರಕ್ಕೊಮ್ಮೆ ಬಂದು ಹೋಗುವವರು. ಇಲ್ಲಿ ಗಲ್ಫಿನಲ್ಲಿ ಕಾನೂನು ತಪ್ಪಿಸಿ ಹೀಗೆ ಶೇರಿಂಗಿನಲ್ಲಿ ಇರುವವರಿಗೆಲ್ಲ ಒಂದು ಪಾಠ ಬಾಯಿಪಾಠ — ಕೊರಳಿಗೆ ಗುರುತಿನ ಕಾರ್ಡು ಹಾಕಿಕೊಂಡು ಯಾರೇ ಬರಲಿ, ಕರಾರಿನಲ್ಲಿ ಹೆಸರಿಲ್ಲದವರೆಲ್ಲ ‘ಗೆಸ್ಟ್’. ಎಷ್ಟು ಸಲ ಹೇಳಿದ್ದೇವೋ, ಆಮೇಲೆ ಇಬ್ಬರೂ ಸೇರಿ ನಕ್ಕಿದ್ದೇವೆ.

ನನ್ನ ಅಡುಗೆಮನೆಯಲ್ಲಿ ನೀರುದೋಸೆಯ ಕಾವಲಿ ತಾಗಿ ಆರಾಧ್ಯಳ ಕೈ ಸುಟ್ಟಿತು. ಶಾಲೆಯವರು ಗಾಯ ನೋಡಿ ಕಚೇರಿಗೆ ತಿಳಿಸಿದರು. ನೀನು ಡ್ಯೂಟಿಯಲ್ಲಿದ್ದಾಗ, ಮೊದಲೇ ಹೇಳದೆ, ಆ ಅಧಿಕಾರಿ ಬಂದಳು. ನಿಂತುಕೊಂಡೇ ಕೇಳಿದಳು — ಈ ಮಗು ಇದೇ ಮನೆಯಲ್ಲಿ ಇರುವುದಾ?

“ಇಲ್ಲ ಮೇಡಂ, ಗೆಸ್ಟ್.”

ಏಳು ವರ್ಷದ ಆರಾಧ್ಯ ನನ್ನ ಮುಖ ನೋಡಿದಳು. “ಬಟ್ ಆಂಟಿ, ಐ ಲಿವ್ ಹಿಯರ್.”

ನಾನು ನಕ್ಕುಬಿಟ್ಟೆ. ಮಕ್ಕಳಲ್ಲವೇ, ಏನೇನೋ ಹೇಳುತ್ತಾರೆ ಅಂದೆ. ಅಧಿಕಾರಿ ಬರೆದುಕೊಂಡಳು.

ಆ ಕಚೇರಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ — ನಾಟಕದ ಸಿಟ್ಟಲ್ಲ. ಒಂದು ಸಂಸಾರವನ್ನು ಅಳೆಯಲು ಹತ್ತು ನಿಮಿಷ! ಒಳಕೋಣೆಯ ಬಾಗಿಲು ತಳ್ಳಿದ್ದರೆ ಆರಾಧ್ಯಳ ಯೂನಿಫಾರಂ, ಗೋಡೆಗೆ ಅಂಟಿಸಿದ ಟೈಮ್‌ಟೇಬಲ್ಲು ಕಾಣುತ್ತಿತ್ತು. ತಳ್ಳಲಿಲ್ಲ. ನಿನ್ನನ್ನು ನಾಲ್ಕು ಸಲ ಕರೆಸಿದರು. ಪ್ರತಿ ಸಲವೂ ಹೊಸ ಮುಖ, ಹಳೆಯ ಪ್ರಶ್ನೆ. ಇಲ್ಲೇ ಇರುವುದು ಎಂದು ನೀನು ನಿಜ ಹೇಳಿದೆ. ತಾಯಿಯ ಮಾತು ನಂಬುವಂತಿಲ್ಲ ಎಂದು ಬರೆದರು.

ಒಂದು ಸಂಜೆ ನೀನು ಆರಾಧ್ಯಳ ರಟ್ಟೆ ಹಿಡಿದು ಜಗ್ಗಿದೆ. “ಎಂಥ ಹೇಳಿದ್ದು ನೀನು ಅವರತ್ರ? ಅಕ್ಕ, ನೀವಾದ್ರೂ ಕೇಳಿ ಇವಳತ್ರ!” ಅವಳು ಅಳುತ್ತಾ ನನ್ನನ್ನೇ ನೋಡುತ್ತಿದ್ದಳು. ನಾನು ಚಾ ಸೋಸುತ್ತಿದ್ದೆ. ಸೋಸಿ ನಿನ್ನ ಮುಂದೊಂದು ಲೋಟ ಇಟ್ಟೆ.

ಆಮೇಲೆ ನಿನ್ನ ಪರವಾಗಿ ಕಚೇರಿಯ ಮೇಲೆ ದೂರು ಬರೆದವಳೂ ನಾನೇ. ಅಲ್ ಮುರಕ್ಕಬಾತಿನ ಆಫೀಸಿನಲ್ಲಿ ಪತ್ರ ಬರೆಯುವುದೇ ನನ್ನ ಕೆಲಸವಾದ್ದರಿಂದ ನೀನು ನನ್ನನ್ನು ನಂಬಿ ಒಪ್ಪಿಸಿದೆ. ಮೂರು ಪುಟ ಬೆಂಕಿಯಂತೆ ಬರೆದೆ. ಹತ್ತು ನಿಮಿಷ, ತೆರೆಯದ ಬಾಗಿಲು, ಬದಲಾದ ಅಧಿಕಾರಿಗಳು — ಪ್ರತಿಯೊಂದೂ ನಿಜ. ನಾನು ಹೇಳಿದ್ದನ್ನು ಮಾತ್ರ ಬರೆಯಲಿಲ್ಲ.

ಉತ್ತರ ನನ್ನ ಮೇಲ್‌ಗೆ ಬಂತು. ಮನೆಯಾಕೆಯ ಹೇಳಿಕೆಯನ್ನು ನಂಬಿ ವರದಿ ಬರೆದಿದ್ದೇವೆ. ಅದು ತಪ್ಪಾಗಿದ್ದರೆ ಆಕೆ ತಿದ್ದಿ ಬರೆದುಕೊಡಲಿ, ಮತ್ತೆ ಪರಿಶೀಲಿಸುತ್ತೇವೆ ಎಂದಿತ್ತು. ನಿನಗೆ ಏನು ಹೇಳಿದೆ, ನೆನಪಿದೆಯೇ? “ಮಾಫಿ, ಏನೂ ಬಂದಿಲ್ಲ ಸುಜಾತ. ಜವಾಬೇ ಇಲ್ಲ ಅವರದ್ದು.”

ಬರೆದುಕೊಟ್ಟಿದ್ದರೆ ನಾವು ಫ್ಲ್ಯಾಟು ಖಾಲಿ ಮಾಡಬೇಕಾಗುತ್ತಿತ್ತು. ಅಷ್ಟೇ. ನಾವು ಮಾಡಲಿಲ್ಲ, ನೀನು ಮಾಡಿದೆ — ಕಚೇರಿಯವರು ಮಗಳನ್ನೇ ಕರೆದುಕೊಂಡು ಹೋಗುತ್ತಾರೆಂದು ಹೆದರಿ, ಕೆಲಸ ಬಿಟ್ಟು, ಅವಳೊಂದಿಗೆ ಉಡುಪಿಗೆ ಹೋದೆ. ಅಪ್ಪನನ್ನು ಅವಳು ಈಗ ವರ್ಷಕ್ಕೊಮ್ಮೆ ನೋಡುತ್ತಾಳೆ.

ಕಳೆದ ವಾರ ಫೋನಿನಲ್ಲಿ ನೀನು ಸುಮ್ಮನೆ ಹೇಳಿದೆ: “ಇವಳತ್ರ ಏನು ಕೇಳಿದರೂ ಬಾಯಿ ಬಿಡುವುದಿಲ್ಲ ಅಕ್ಕ. ಮೊದಲು ನನ್ನ ಮುಖ ನೋಡುವುದು, ಹೇಳಬಹುದಾ ಅಂತ.” ಫೋನ್ ಇಟ್ಟ ಮೇಲೆ ಆ ಹಳೆಯ ಮೇಲ್ ಹುಡುಕಿ ತೆಗೆದೆ.

ಕಚೇರಿಯ ಆ ಉತ್ತರವನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಅವರು ಕೇಳಿದ ಹೇಳಿಕೆಯನ್ನೂ ಇವತ್ತು ಬರೆದು, ಸಹಿ ಹಾಕಿ ಕೊಟ್ಟುಬಂದೆ — ಕೌಂಟರಿನಲ್ಲಿದ್ದವನಿಗೆ ಆ ಫೈಲೇ ಸಿಗಲಿಲ್ಲ. ಮತ್ತೆ ಹೋಗುತ್ತೇನೆ. ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ಆದರೆ ಇದನ್ನು ಓದಿದ ಕೂಡಲೇ ಆರಾಧ್ಯಳನ್ನು ಹತ್ತಿರ ಕೂರಿಸಿಕೊಂಡು ಹೇಳು — ಆ ದಿನ ಅವಳು ಹೇಳಿದ್ದೇ ಸರಿ, ಅವಳ ಮನೆ ಅದೇ ಆಗಿತ್ತು.