ಏನೂ ಬದಲಾಗಿಲ್ಲ, ಪೇಢೆ ತಗೊಳ್ರಿ

ಸೂರ್ಯ ಇನ್ನೂ ಮೇಲೆ ಬಂದಿಲ್ಲ. ಸದಲಗಾದ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಚಹಾದಂಗಡಿ ಬಿಟ್ಟರೆ ದೀಪ ಹತ್ತಿರುವುದು ‘ಪ್ರಾಜಕ್ತಾ ಮೊಬೈಲ್’ನಲ್ಲಿ ಮಾತ್ರ. ಅರ್ಧ ಎತ್ತಿದ ಶಟರಿನ ಒಳಗೆ ದುಂಡೇಶ ಕುಳಿತು, ಒಂದು ಹಳೇ ಮೊಬೈಲಿನ ಗಾಜಿನ ಮೇಲೆ ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ಕೆಂಪು ಚುಕ್ಕೆ ಇಡುತ್ತಿದ್ದಾರೆ. ಕುರಿಯ ಬೆನ್ನಿಗೆ ಗುರುತು ಹಾಕುವ ಬಣ್ಣ ಅದು. ಕೆಳಗಿನ ಸಾಲಿನ ಎಡಕ್ಕೊಂದು, ಅದರ ನೆತ್ತಿಗೊಂದು, ಬಲತುದಿಗೊಂದು. ಇಟ್ಟು, ಉಫ್ ಎಂದು ಊದಿ ಆರಿಸಿ, ಆಮೇಲೆ ‘ಅಪ್‌ಡೇಟ್’ ಎಂಬ ಗುಂಡಿಯನ್ನು ಒತ್ತುತ್ತಾರೆ. ಒತ್ತಿದ ಕೈಯನ್ನು ಹಣೆಗೆ ಮುಟ್ಟಿಸಿಕೊಳ್ಳುತ್ತಾರೆ.

ಇದೇನು ಹುಚ್ಚಾಟ ಅನ್ನಬೇಡಿ. ಮೊಬೈಲಿನ ಅಪ್‌ಡೇಟ್ ಎಂದರೆ ಈ ಕಾಲದಲ್ಲಿ ಯಾರ ಎದೆ ಬಡಿದುಕೊಳ್ಳುತ್ತದೆ ಹೇಳಿ! ಅದು ಬಂತು ಎಂದರೆ ನಾವೆಲ್ಲ ‘ಆಮೇಲೆ’ ಎಂದು ಒತ್ತಿ ಮಗ್ಗಲು ಬದಲಿಸುತ್ತೇವೆ. ತಪ್ಪಿ ಹಾಕಿಕೊಂಡರೂ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ, ಅಷ್ಟೊಂದು ಡೇಟಾ ನುಂಗಿ ಎದ್ದ ಫೋನು ನಿನ್ನೆಯ ಮುಖವನ್ನೇ ತೋರಿಸುತ್ತದೆ. ಆದರೆ ಇವತ್ತು ದುಂಡೇಶರ ಎದೆ ಢವಢವ ಎನ್ನುತ್ತಿದೆ. ಫೋನು ಎದ್ದಾಗ ಆ ಮೂರು ಚುಕ್ಕೆಗಳ ಕೆಳಗಿನ ಮೂರು ಚಿತ್ರಗಳು ಕೂತಲ್ಲೇ ಕೂತಿರಬೇಕು. ಒಂದು ಕೂದಲೆಳೆಯಷ್ಟು ಸರಿದರೂ ಒಬ್ಬ ತಾಯಿ, ಒಬ್ಬ ಮಗಳು ಮೂರು ತಿಂಗಳು ಮಾತಿಲ್ಲದೆ ಇರಬೇಕಾಗುತ್ತದೆ.

ಒಂದು ಕಾಲವಿತ್ತು, ಅಪ್‌ಡೇಟ್ ಎಂದರೆ ಈ ಅಂಗಡಿಯಲ್ಲಿ ಹಬ್ಬ. ದುಂಡೇಶ ಹೊಸದಾಗಿ ಅಂಗಡಿ ಹಾಕಿದ ದಿನಗಳವು. ಊರೊಳಗೆ ನೆಟ್ ಎತ್ತಿನಗಾಡಿಗಿಂತ ನಿಧಾನ. ಹೀಗಾಗಿ ಅವರು ನಸುಕಿನಲ್ಲೇ ಬೈಕ್ ಹತ್ತಿ ದೂಧಗಂಗೆಯ ಸೇತುವೆಗೆ ಹೋಗಿ ನಿಲ್ಲುತ್ತಿದ್ದರು. ಅಲ್ಲಿಗೆ ಮಹಾರಾಷ್ಟ್ರದ ಕಡೆಯ ಟವರ್ ಸಿಗುತ್ತಿತ್ತು. ಎಮ್ಮೆ ಮೈತೊಳೆಯಲು ಬಂದವರು, ಡೇರಿಗೆ ಹಾಲು ಒಯ್ಯುವವರು ಎಲ್ಲ ತಮ್ಮ ತಮ್ಮ ಫೋನು ಅವರ ಕೈಗೆ ಕೊಟ್ಟು ಸುತ್ತ ನಿಲ್ಲುತ್ತಿದ್ದರು. ಫೋನು ಆರಿ, ಮತ್ತೆ ಹತ್ತಿದಾಗ ಎಲ್ಲ ಹೊಸತು! ಗಡಿಯಾರ ಬೇರೆ, ಬಣ್ಣ ಬೇರೆ, ಬೀಗ ತೆಗೆಯುವ ರೀತಿಯೇ ಬೇರೆ. “ಅದ ಹಳೇ ಫೋನ್ರಿ, ಆದ್ರ ಹೊಸಾ ಫೋನ ತಗೊಂಡಂಗ ಆಗತಿತ್ತು. ಮಂದಿ ಮಾರಿ ನೋಡಬೇಕಿತ್ತು ನೀವು” ಎಂದು ದುಂಡೇಶ ಈಗಲೂ ಕಣ್ಣರಳಿಸುತ್ತಾರೆ. ಸೇತುವೆಯಿಂದ ವಾಪಸು ಬಂದವರೇ ಅಂಗಡಿ ಮುಂದಿನ ಕರಿಹಲಗೆಯ ಮೇಲೆ ‘ಇವತ್ತು ಏನು ಹೊಸದು’ ಎಂದು ಬರೆದು, ಓದಲು ನಿಂತವರ ಕೈಗೆಲ್ಲ ಪೇಢೆ ಕೊಡುತ್ತಿದ್ದರು.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ಫೋನಿನ ಕಂಪನಿಗಳದೂ ಅದೇ ಕಥೆ. ವರುಷ ಕಳೆದಂತೆ ಹೊಸತು ಸಣ್ಣಗಾಯಿತು. ಕರಿಹಲಗೆ ಓದುವವರೂ ಕರಗಿದರು. ಮೊದಲು ಸೇತುವೆಗೆ ಎಲ್ಲರಿಗಿಂತ ಮುಂಚೆ ಬಂದು ನಿಲ್ಲುತ್ತಿದ್ದ ಕಬ್ಬಿನ ರೈತ ನೇಮಿನಾಥ ಈಗ ಅಂಗಡಿ ಮುಂದೆ ಹಾಯುವಾಗ, “ಏನೋ ದುಂಡೂ, ಈ ಸಲಾನೂ ಏನೂ ಇಲ್ಲಲ್ಲ?” ಎಂದು ಕೆಣಕಿಯೇ ಮುಂದೆ ಹೋಗುತ್ತಾರೆ. ಹೆಂಡತಿ ಮನೀಷಾ ಅವರಂತೂ ಖಾಲಿ ಹಲಗೆ ನೋಡಿ ನೋಡಿ ಬೇಸತ್ತು, ಅದರ ಮೇಲೆ ‘ಕವರ್, ಗ್ಲಾಸ್, ಚಾರ್ಜರ್ ಸಿಗುತ್ತವೆ’ ಎಂದು ದಪ್ಪಗೆ ಬರೆದುಬಿಟ್ಟಿದ್ದಾರೆ. ಅವರ ಮಾತೂ ಸುಳ್ಳಲ್ಲ. ದಿನಕ್ಕೆ ನಲವತ್ತೈವತ್ತು ಮಂದಿ ಬರುತ್ತಾರೆ. ಒಡೆದ ಗ್ಲಾಸು, ಸಡಿಲಾದ ಚಾರ್ಜರ್ ತೂತು, ನೀರು ಕುಡಿದ ಸ್ಪೀಕರು, ಇವೇ ಮನೆ ನಡೆಸುವುದು. ಅಪ್‌ಡೇಟ್ ಹಾಕಿ ಕೊಡಿ ಎಂದು ವಾರಕ್ಕೊಬ್ಬರು ಬಂದರೆ ಹೆಚ್ಚು.

ಲಗಮವ್ವ ಅವರಿಗಂತೂ ಅಪ್‌ಡೇಟ್ ಎಂಬುದೇ ಬೇಡ.

ಲಗಮವ್ವ, ಗಂಡ ಬಾಳಾಸಾಬ ಕುರಿಗಾರರು. ಕಬ್ಬು ಕಡಿಯುವ ಹಂಗಾಮು ಬಂತೆಂದರೆ ಹಿಂಡು ಹೊಡೆದುಕೊಂಡು ರಾಯಬಾಗ, ಅಥಣಿ, ಕಾಗವಾಡದ ಕಡೆಗೆ ಹೊರಡುತ್ತಾರೆ. ಗೊಬ್ಬರಕ್ಕೆಂದು ರೈತರು ಕರೆದ ಹೊಲದಲ್ಲಿ ರಾತ್ರಿ ಕುರಿ ತರುಬಿ, ಬೆಳಗಾದರೆ ಮುಂದಿನ ಹೊಲ. ಒಬ್ಬಳೇ ಮಗಳು ಅನುಸೂಯಾ. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಬೋರಗಾಂವಕ್ಕೆ ಕೊಟ್ಟಿದ್ದಾರೆ. ಅಲ್ಲಿ ಗಂಡನ ಜೊತೆ ಪವರ್‌ಲೂಮಿನ ಶೆಡ್ಡಿನಲ್ಲಿ ದುಡಿಯುತ್ತಾಳೆ. ಮಗ್ಗಗಳು ಓಡತೊಡಗಿದರೆ ಆ ಸದ್ದಿನಲ್ಲಿ ಪಕ್ಕದವನ ಕೂಗೂ ಕೇಳದು, ಅಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡಬೇಕು. ಅದಕ್ಕೇ ತಾಯಿಗೆ ಒಂದು ಹೆಮ್ಮೆ. “ಉಳದ ಕಡೆ ನನ್ನ ಮಗಳು ಮೂಕಿ. ಮಗ್ಗದ ಶೆಡ್ಡಿನ್ಯಾಗ ಆಕಿಯಷ್ಟ ಚಂದ ಮಾತಾಡಾವರು ಯಾರೂ ಇಲ್ಲ” ಎನ್ನುತ್ತಾರೆ.

ಇಂಥ ತಾಯಿ-ಮಗಳಿಗೆ ಬರೀ ಫೋನು ಇದ್ದು ಏನು ಉಪಯೋಗ? ವಿಡಿಯೊ ಬೇಕು. ಮುಖ ಕಾಣಬೇಕು, ಕೈ ಕಾಣಬೇಕು. ಲಗಮವ್ವನಿಗೆ ಓದು ಬಾರದು. ಆದರೆ ನೂರು ಕುರಿಯ ನಡುವೆ ತನ್ನ ಕುರಿಯನ್ನು ಬಣ್ಣದ ಗುರುತಿನಿಂದ ಹಿಡಿಯುವ ಹೆಣ್ಣುಮಗಳು ಅವರು. ಫೋನಿಗೂ ಅದೇ ಉಪಾಯ ಹೂಡಿದರು. ವಿಡಿಯೊ ಮಾಡುವ ಚಿತ್ರದ ಮೇಲೆ ಗಾಜಿಗೊಂದು ಕೆಂಪು ಚುಕ್ಕೆ, ಮಗಳ ಫೋಟೊ ಬರುವ ಜಾಗಕ್ಕೊಂದು, ಕರೆ ಮುಗಿಸುವ ಜಾಗಕ್ಕೊಂದು. ಚುಕ್ಕೆ ಒತ್ತಿದರೆ ಮಗಳು. ಎಷ್ಟು ಸುಲಭ!

ಎರಡು ವರುಷದ ಹಿಂದೆ ಆ ಫೋನು ಚಾರ್ಜ್ ಆಗುವುದಿಲ್ಲವೆಂದು ದುಂಡೇಶರ ಕೈಗೆ ಬಂತು. ಚಾರ್ಜಿನ ತೂತು ಸರಿಮಾಡಿದರು. ಕಾಯುತ್ತಿದ್ದ ದೊಡ್ಡ ಅಪ್‌ಡೇಟ್ ಕಣ್ಣಿಗೆ ಬಿದ್ದು ಕೈ ಸುಮ್ಮನಿರಲಿಲ್ಲ, ಲಗಮವ್ವನಿಗೆ ಖುಷಿಯಾಗಲಿ ಎಂದು ಅದನ್ನೂ ಹಾಕಿದರು. ಕುರಿ ಬಣ್ಣ ಸಿಡಿದಿದೆ ಎಂದುಕೊಂಡು ಗಾಜನ್ನು ಸ್ಪಿರಿಟ್ ಹಾಕಿ ತಿಕ್ಕಿ ಫಳಫಳ ಮಾಡಿ ಕೊಟ್ಟರು. ಲಗಮವ್ವ ಅವಸರದಲ್ಲಿದ್ದರು, ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟರು.

ಕಾಗವಾಡದ ಕಡೆಯ ಹೊಲದಲ್ಲಿ ಸಂಜೆ ಫೋನು ತೆಗೆದರೆ ಚುಕ್ಕೆಯೇ ಇಲ್ಲ. ಅಂದಾಜಿನ ಮೇಲೆ ಮತ್ತೆ ಬಣ್ಣ ಹಚ್ಚಿದರು. ಆದರೆ ಅಪ್‌ಡೇಟ್ ಚಿತ್ರಗಳ ಜಾಗವನ್ನೇ ಬದಲಿಸಿತ್ತು, ಚುಕ್ಕೆ ಹೋಗಿ ಕ್ಯಾಮೆರಾದ ಮೇಲೆ ಕೂತಿತ್ತು. ಹೊಲದ ಯಜಮಾನರ ಸೊಸೆ ಒಮ್ಮೆ ಕರೆ ಹಚ್ಚಿಕೊಟ್ಟಳಂತೆ. ದಿನಕ್ಕೊಂದು ಹೊಲ, ದಿನಾ ಹೊಸಬರನ್ನು ಕೇಳಲು ಲಗಮವ್ವನಿಗೆ ಸಂಕೋಚ. ದಿನವೂ ಚುಕ್ಕೆ ಒತ್ತಿದರು, ದಿನವೂ ಮಗಳು ಬರಲಿಲ್ಲ. ಮಗಳೇ ಕರೆದರೂ ಎತ್ತುವ ಗುಂಡಿ ಜಾಗ ಬದಲಿಸಿತ್ತು, ಕೈಗೆ ಸಿಗಲಿಲ್ಲ. ಇತ್ತ ಅನುಸೂಯಾ ತಾಯಿಗೆ ಏನಾಯಿತೋ ಎಂದು ಬೋರಗಾಂವದಿಂದ ಬಂದು ಇದೇ ಅಂಗಡಿ ಮುಂದೆ ನಿಂತು, ಫೋನು ತೋರಿಸಿ ಎರಡೂ ಕೈ ತಿರುಗಿಸಿ ಕೇಳಿದಳು. ದುಂಡೇಶರಿಗೆ ಅವಳ ಕೈಮಾತು ಅರ್ಥವಾಗಲಿಲ್ಲ. ಸೀಸನ್ ಮುಗಿಸಿ ಲಗಮವ್ವ ವಾಪಸು ಬಂದಾಗ ಆ ಫೋನಿನ ತುಂಬ ಫೋಟೊಗಳು. ಕುರಿಯ ಕಾಲು, ಕಬ್ಬಿನ ಬೊಡ್ಡೆ, ಆಕಾಶ, ಲಗಮವ್ವನ ಗದ್ದ, ಮತ್ತೆ ಲಗಮವ್ವನ ಗದ್ದ.

“ಮೊದ್ಲ ನಗು ಬಂತ್ರಿ. ಆಮ್ಯಾಲೆ ಒಂದೊಂದ ಸರಸ್ಕೋತ ಹೋದೆ. ಅಷ್ಟೂ ಸಲ ಆ ಯವ್ವ ಮಗಳನ್ನ ಕರದಾಳ ಅನ್ನೂದ ತಿಳೀತು. ಅದೆಲ್ಲಾ ನನ್ನ ಕೈಯಿಂದ ಆಗಿದ್ದು” ಎನ್ನುತ್ತಾರೆ ದುಂಡೇಶ.

ಅಂದಿನಿಂದ ಅವರ ಕೆಲಸದ ರೀತಿಯೇ ಬದಲಾಯಿತು. ಯಾರು ಫೋನು ಕೊಟ್ಟರೂ ಮುಟ್ಟುವ ಮೊದಲು, “ಏನ ನೋಡಿ ಒತ್ತತೀರಿ?” ಎಂದು ಕೇಳುತ್ತಾರೆ. ಆಗ ಗೊತ್ತಾಗುತ್ತದೆ ನೋಡಿ ಊರಿನ ಗುಟ್ಟು! ಕೆಲವರಿಗೆ ಬಣ್ಣವೇ ಅಕ್ಷರ, ಕೆಲವರಿಗೆ ಮೂಲೆಯೇ ಅಕ್ಷರ, ಒಬ್ಬಜ್ಜನಿಗೆ ಗಾಜಿನ ಬಿರುಕೇ ದಾರಿ. ಅಂಥವರ ಫೋನಿಗೆ ಗ್ಲಾಸು ಮಾರುವವನೇ ಗ್ಲಾಸು ಬೇಡ ಎನ್ನುತ್ತಾನೆ. ಮನೀಷಾ ತಲೆ ಚಚ್ಚಿಕೊಳ್ಳುತ್ತಾರೆ.

ಈಗ ಸಂಕಟ ಏನೆಂದರೆ, ಅಂದು ಸುಟ್ಟುಕೊಂಡ ಲಗಮವ್ವ ಆಮೇಲೆ ಅಪ್‌ಡೇಟನ್ನು ಹತ್ತಿರ ಬಿಟ್ಟುಕೊಂಡಿಲ್ಲ. ಫೋನು ಹಳತಾಯಿತು. ಈ ತಿಂಗಳು ಮುಗಿದರೆ ಅಪ್‌ಡೇಟ್ ಹಾಕಿಸದ ಹಳೇ ಫೋನುಗಳಲ್ಲಿ ವಿಡಿಯೊ ಕರೆ ನಿಲ್ಲುತ್ತದೆ ಎಂಬ ಸೂಚನೆ ಬಂದಿದೆ. ಹಾಕಿಸಿದರೆ ಚಿತ್ರ ಸರಿಯುವ ಭಯ, ಹಾಕಿಸದಿದ್ದರೆ ಮಗಳೇ ಇಲ್ಲ. ಹೊಸ ಜಾಗಕ್ಕೆ ಚುಕ್ಕೆ ಇಟ್ಟುಕೊಡುತ್ತೇನೆ ಎಂದರೂ ಲಗಮವ್ವ ಒಪ್ಪುತ್ತಿಲ್ಲ, ಹೆಬ್ಬೆರಳಿನ ರೂಢಿ ತಪ್ಪುತ್ತದಂತೆ. ಹಿಂಡು ಹೊರಡುವುದು ಇವತ್ತೇ. ಅದಕ್ಕೇ ದುಂಡೇಶ ನಿಪ್ಪಾಣಿಯಲ್ಲೆಲ್ಲ ಸುತ್ತಿ, ಅದೇ ಕಂಪನಿಯ ಅದೇ ಹಳೇ ಫೋನನ್ನು ಸೆಕೆಂಡ್‌ಹ್ಯಾಂಡ್ ಹುಡುಕಿ ತಂದಿದ್ದಾರೆ. ಅದರಲ್ಲಿ ಲಗಮವ್ವನ ಫೋನಿನ ಹಾಗೆಯೇ ಚಿತ್ರ ಜೋಡಿಸಿ, ಚುಕ್ಕೆ ಇಟ್ಟು, ಮೊದಲ ಪರೀಕ್ಷೆ ತಮ್ಮ ಮೇಲೆ ಮಾಡಿಕೊಳ್ಳುತ್ತಿದ್ದಾರೆ.

ಬೆಳಕು ಹರಿಯುತ್ತಿದೆ. ರಸ್ತೆಯಂಚಿಗೆ ಹಿಂಡು ಬಂದು ನಿಂತಿದೆ, ಬಾಳಾಸಾಬ ಕೋಲಿಗೆ ಗದ್ದ ಊರಿ ಕಾಯುತ್ತಿದ್ದಾರೆ. ಲಗಮವ್ವ ಅಂಗಡಿ ಮೆಟ್ಟಿಲ ಮೇಲೆ ಕೂತು ಕಂಬಳಿ ಬಿಗಿ ಮಾಡಿಕೊಂಡಿದ್ದಾರೆ. ಅವರ ಫೋನು ಇನ್ನೂ ಅವರ ಮುಷ್ಟಿಯಲ್ಲೇ ಇದೆ, ಕೊಟ್ಟಿಲ್ಲ. ದುಂಡೇಶರ ಮುಂದಿನ ಪರದೆಯ ಮೇಲೆ ಗೆರೆಯೊಂದು ಬಸವನಹುಳುವಿನಂತೆ ತೆವಳುತ್ತಿದೆ. ಫೋನು ಆರುತ್ತದೆ. ಮನೀಷಾ ಚಹಾ ತಂದವರು ಕಪ್ಪು ಹಿಡಿದೇ ನಿಂತಿದ್ದಾರೆ.

ಹತ್ತಿತು! ಮೊದಲು ಬರೀ ಬಣ್ಣ, ಚಿತ್ರಗಳೇ ಇಲ್ಲ. ದುಂಡೇಶ ಫೋನನ್ನು ಕಣ್ಣಿನ ಹತ್ತಿರಕ್ಕೆ ತರುತ್ತಾರೆ. ಮರುಗಳಿಗೆ ಒಂದೊಂದಾಗಿ ಚಿತ್ರಗಳು ಮೂಡುತ್ತವೆ. ಎಡದ ಚುಕ್ಕೆಯ ಕೆಳಗೆ ಅದೇ ಚಿತ್ರ. ಒತ್ತಿದರೆ, ಮೇಲಿನದರ ಕೆಳಗೆ ಫೋಟೊ ಬರುವ ಜಾಗ ಅದೇ. ಕರೆ ಹಚ್ಚಿದರೆ, ಬಲತುದಿಯಲ್ಲಿ ಕರೆ ಮುಗಿಸುವ ಜಾಗವೂ ಅದೇ. ದುಂಡೇಶ ಫೋನನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡುತ್ತಾರೆ. ಒಳಹೊಕ್ಕು ಹೊರಬಂದು ನೋಡುತ್ತಾರೆ. ಗಡಿಯಾರ ನಿನ್ನೆಯದೇ, ಬಣ್ಣ ನಿನ್ನೆಯದೇ.

“ಏನೂ ಬದಲಾಗಿಲ್ಲಬೇ ಯವ್ವಾ!” ಎಂದು ಕೂಗಿದ ಆ ಸದ್ದಿಗೆ ಚಹಾದಂಗಡಿಯವರೂ ಇಣುಕುತ್ತಾರೆ. ಅಂದು ಸೇತುವೆಯ ಮೇಲೆ ಎಲ್ಲ ಬದಲಾದಾಗ ಆದ ಖುಷಿಗಿಂತ ಇಂದು ಏನೂ ಬದಲಾಗದ ಖುಷಿ ದೊಡ್ಡದಾಗಿದೆ.

ಲಗಮವ್ವ ಆಗ ಮುಷ್ಟಿ ಬಿಡಿಸಿ ಫೋನು ಕೊಡುತ್ತಾರೆ. ದುಂಡೇಶ ಗಾಜಿಗೆ ಬೆರಳು ತಾಗದ ಹಾಗೆ ಅಂಚು ಹಿಡಿದು ಕೆಲಸ ಶುರುಮಾಡುತ್ತಾರೆ. ಮತ್ತೆ ಅದೇ ಗೆರೆ, ಅದೇ ಕಾಯುವಿಕೆ. ಮುಗಿದ ಮೇಲೆ ತಾವು ಒತ್ತಿ ನೋಡುವುದಿಲ್ಲ. ಅವರ ಕೈಗೇ ಕೊಡುತ್ತಾರೆ. ಲಗಮವ್ವ ಪರದೆಯನ್ನು ಸರಿಯಾಗಿ ನೋಡುವುದೂ ಇಲ್ಲ, ರೂಢಿಯಂತೆ ಹೆಬ್ಬೆರಳು ಚುಕ್ಕೆಗೆ ಹೋಗುತ್ತದೆ, ಮೇಲಿನ ಚುಕ್ಕೆಗೆ ಹೋಗುತ್ತದೆ. ಎರಡು ಸಲ ರಿಂಗಾಗಿ, ಬೋರಗಾಂವದ ಮಗ್ಗದ ಸದ್ದು ಅಂಗಡಿಯೊಳಗೆ ನುಗ್ಗುತ್ತದೆ. ಆ ಸದ್ದಿನ ನಡುವೆ ಅನುಸೂಯಾಳ ಮುಖ. ತಾಯಿ ಫೋನನ್ನು ಗಲ್ಲಾಪೆಟ್ಟಿಗೆಗೆ ಆನಿಸಿ ನಿಲ್ಲಿಸಿ ಎರಡೂ ಕೈ ಬಿಡಿಸುತ್ತಾರೆ. ಅಲ್ಲಿಂದ ಮುಂದೆ ಮಾತೇ ಮಾತು, ಅಂಗಡಿಯಲ್ಲಿ ಯಾರಿಗೂ ಕೇಳಿಸದ ಮಾತು.

ದುಂಡೇಶ ಕಣ್ಣು ಒರೆಸಿಕೊಂಡು ಹೊರಗೆ ಬಂದವರೇ ಕರಿಹಲಗೆ ಅಳಿಸಿ ಸುಣ್ಣದಕಡ್ಡಿ ಹಿಡಿಯುತ್ತಾರೆ. ‘ಇವತ್ತು ಏನು ಹೊಸದು: ಏನೂ ಬದಲಾಗಿಲ್ಲ. ಹೆದರದೆ ಬರ್ರಿ.’ ಹಲಗೆಯ ಪಕ್ಕ ಪೇಢೆಯ ಪೊಟ್ಟಣ ಬಿಚ್ಚಿಡುತ್ತಾರೆ. ಹಾಲಿನ ಕ್ಯಾನು ಹಿಡಿದು ಬಂದ ನೇಮಿನಾಥ ಓದಿ ಗಹಗಹಿಸುತ್ತಾರೆ. ಏನೂ ಇಲ್ಲದ್ದಕ್ಕೆ ಪೇಢೆ ಹಂಚುವ ಹುಚ್ಚನನ್ನು ಇವತ್ತೇ ಕಂಡೆ ಎನ್ನುತ್ತ ಎರಡು ಪೇಢೆ ಎತ್ತಿಕೊಳ್ಳುತ್ತಾರೆ. ಅವರಿಗೆ ಒಳಗೆ ನೋಡಲು ಸನ್ನೆ ಮಾಡಿ ದುಂಡೇಶ ಹೇಳುತ್ತಾರೆ: “ಈ ಅಪ್‌ಡೇಟ್ ಮಾಡಿದಾವ ಯಾವ ಊರಾಗ ಅದಾನೋ ಗೊತ್ತಿಲ್ರಿ. ಅವಗೂ ಮಂದಿ ‘ಏನೂ ಹೊಸಾದ ಮಾಡಿಲ್ಲಲ್ಲೋ’ ಅಂತ ಬೈತಿರಬೇಕು. ಒಮ್ಮೆ ನಮ್ಮ ಸದಲಗಾಕ್ಕ ಬರಲಿ, ಇಲ್ಲೇ ಈ ಮೆಟ್ಟಲ ಮ್ಯಾಗ ಕುಂತ ನೋಡ್ಲಿ. ನನಗ ಮತ್ತೇನ ಬ್ಯಾಡ.”

ಒಳಗಿನಿಂದ ಲಗಮವ್ವ ಕರೆಯುತ್ತಾರೆ. ಫೋನಿಗೆ ಏನು ಮಾಡಿಸಿದೆ ಎಂದು ಮಗಳು ಕೇಳುತ್ತಿದ್ದಾಳಂತೆ.

“ಏನ ಹೇಳ್ಲಿ ತಮ್ಮಾ?”

“ಏನೂ ಇಲ್ಲಂತ ಹೇಳಬೇ.”

ಲಗಮವ್ವ ಬಲಗೈ ಮುಂದೆ ಚಾಚಿ, ಬೆರಳು ಅಗಲಿಸಿ, ಖಾಲಿ ಅಂಗೈಯನ್ನು ಮಗಳಿಗೆ ತೋರಿಸುತ್ತಾರೆ. ಅತ್ತ ಅನುಸೂಯಾ ಎದೆ ಮೇಲೆ ಕೈಯಿಟ್ಟುಕೊಂಡು ನಗುತ್ತಾಳೆ. ಚಾಚಿದ ಆ ಖಾಲಿ ಅಂಗೈಯೊಳಗೆ ದುಂಡೇಶ ಒಂದು ಪೇಢೆ ಇಡುತ್ತಾರೆ.